ಈ ಕೈ ಯಾರದ್ದು?

ಪ್ರಶ್ನೆ: ಕಳೆದ ಬೇಸಿಗೆ ರಜೆಯಲ್ಲಿ ಪ್ರವಾಸ ಹೋಗಿದ್ದಾಗ ಮಧ್ಯಾಹ್ನದ ಬಿಸಿಲು ತಾಳದೆ ಒಂದು ಊರಿನ ಸಣ್ಣ ಮ್ಯೂಸಿಯಂ ಹೊಕ್ಕೆವು. ಎರಡು ಕೋಣೆ, ಒಂದು ಪಡಸಾಲೆ. ಮುರಿದ ಮೂರ್ತಿಗಳು, ಸಾಲಾಗಿ ನಿಲ್ಲಿಸಿದ ಕಲ್ಲುಗಳು, ಗಾಜಿನ ಪೆಟ್ಟಿಗೆಯಲ್ಲಿ ಕತ್ತಿ, ನಾಣ್ಯ. ಹತ್ತು ನಿಮಿಷಕ್ಕೆ ಮುಗಿದುಹೋಯಿತು. ಹೊರಡುವಾಗ ಎಂಟು ವರ್ಷದ ಮಗಳು ಒಂದು ಕಲ್ಲಿನ ಮುಂದೆ ನಿಂತುಬಿಟ್ಟಳು. ಕಲ್ಲಿನಲ್ಲಿ ಕಂಬದಿಂದ ಹೊರಟ ಹಾಗೆ ಒಂದು ಕೈ, ಕೈತುಂಬ ಬಳೆ. ‘ಅಮ್ಮ, ಈ ಕೈ ಯಾರದ್ದು?’ ಅಂದಳು. ನನಗೂ ಗೊತ್ತಿರಲಿಲ್ಲ, ಅವಳ ಅಪ್ಪನಿಗೂ ಗೊತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಇತಿಹಾಸ ಓದಿದವಳಲ್ಲ. ಇಂಥ ಸಣ್ಣ ಮ್ಯೂಸಿಯಂಗಳಲ್ಲಿ ನಮ್ಮಂಥವರು ನೋಡುವಂಥದ್ದು ಏನಿದೆ? ಹೇಗೆ ನೋಡಬೇಕು?

— ಒಬ್ಬ ಶಿಕ್ಷಕಿ, ದಾವಣಗೆರೆ

ಉತ್ತರ: ಮೊದಲು ಮಗಳಿಗೆ ಉತ್ತರ ಹೇಳೋಣ. ನಿಮ್ಮ ಪ್ರಶ್ನೆಯ ಉತ್ತರ ಅದರ ಬೆನ್ನಿಗೇ ಬರುತ್ತದೆ.

ನೀವು ನೋಡಿದ್ದು ಮಾಸ್ತಿಕಲ್ಲು. ಮಹಾಸತಿ ಕಲ್ಲು ಎಂಬುದು ಜನರ ಬಾಯಲ್ಲಿ ಸವೆದು ಮಾಸ್ತಿಕಲ್ಲಾಗಿದೆ. ಗಂಡ ಸತ್ತಾಗ ಬೆಂಕಿಗೆ ಬಿದ್ದು ಪ್ರಾಣ ಬಿಟ್ಟ ಹೆಣ್ಣಿನ ನೆನಪಿಗೆ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಕಂಬದಿಂದ ಕೊಂಬೆ ಒಡೆದಂತೆ ಹೊರಬಂದ ತೋಳು, ಮೊಣಕೈಯಲ್ಲಿ ಮಡಿಚಿ ಮೇಲಕ್ಕೆತ್ತಿದ ಹಸ್ತ, ನಮ್ಮ ಕಡೆಗೆ ತೆರೆದ ಅಂಗೈ. ಎಷ್ಟೋ ಕಲ್ಲುಗಳಲ್ಲಿ ಆ ಕೈಯಲ್ಲಿ ಒಂದು ನಿಂಬೆಹಣ್ಣೂ ಇರುತ್ತದೆ. ಇಡೀ ಕಲ್ಲಿನ ಮಾತು ಇರುವುದು ಬಳೆಗಳಲ್ಲಿ. ಗಂಡ ಸತ್ತವಳ ಬಳೆ ಒಡೆಯುವುದು ಆ ಕಾಲದ ಪದ್ಧತಿ. ಈ ಕೈಯ ಬಳೆಗಳು ಒಡೆದಿಲ್ಲ, ಇವಳು ಮುತ್ತೈದೆಯಾಗಿಯೇ ಹೋದಳು ಎಂದು ಶಿಲ್ಪಿ ಹೇಳುತ್ತಿದ್ದಾನೆ. ಮುಖ ಬೇಕಾಗಲಿಲ್ಲ, ಮೈ ಬೇಕಾಗಲಿಲ್ಲ. ಬಳೆ ತೊಟ್ಟ ಒಂದು ತೋಳು ಸಾಕಾಯಿತು.

ಎಂಟು ವರ್ಷದ ಮಗುವಿಗೆ ಇದನ್ನೆಲ್ಲ ಹೇಳುವುದೇ ಎಂದು ನೀವು ಹಿಂಜರಿಯಬಹುದು. ಹೇಳಿ ಎನ್ನುತ್ತೇನೆ, ಅವಳ ಅಳತೆಗೆ ತಕ್ಕಷ್ಟು. ಬಹಳ ಹಿಂದೆ ಬದುಕಿದ್ದ ಒಬ್ಬ ಹೆಂಗಸಿನ ಕೈ ಇದು, ಅವಳ ಗಂಡ ತೀರಿಕೊಂಡಾಗ ಅವಳೂ ಪ್ರಾಣ ಬಿಟ್ಟಳು, ಆಗಿನವರು ಅದನ್ನು ದೊಡ್ಡದೆಂದು ತಿಳಿದು ಕಲ್ಲು ನಿಲ್ಲಿಸಿದರು, ನಾವು ಈಗ ಹಾಗೆ ತಿಳಿಯುವುದಿಲ್ಲ. ಇಷ್ಟು ಸಾಕು. ‘ಅದು ದೇವರ ಕೈ, ನಮಸ್ಕಾರ ಮಾಡು’ ಎಂದು ಮಾತ್ರ ಮುಂದೆ ಸಾಗಿಸಬೇಡಿ. ಮಗು ಕೇಳಿದ್ದು ಒಬ್ಬ ಮನುಷ್ಯಳ ವಿಷಯ.

ಇಂಥ ಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಹೆಸರಿಲ್ಲ. ಹೆಸರು ಉಳಿದವರಲ್ಲಿ ಒಬ್ಬಳು ದೇಕಬ್ಬೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದು ಅವಳ ಕಥೆಯನ್ನು ಹಳಗನ್ನಡ ಪದ್ಯಗಳಲ್ಲಿ ಹೇಳುತ್ತದೆ. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ತನ್ನ ದಾಯಾದಿಯನ್ನು ಕೊಂದ. ಚೋಳರ ಅರಸು ಅವನಿಗೆ ಸಾವಿನ ಶಿಕ್ಷೆ ಕೊಟ್ಟ. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಹೊರಟಳು. ತಂದೆ ತಾಯಿ ತಡೆದರು, ಅವಳು ನಿಲ್ಲಲಿಲ್ಲ. ತಡೆದವರು ಇದ್ದರು ಎಂಬುದನ್ನೂ ಆ ಕಲ್ಲು ಮರೆಯದೆ ಬರೆದಿಟ್ಟಿದೆ, ನೋಡಿ. ಹೊಗಳಿಕೆಯ ಮಾತುಗಳ ನಡುವೆ ಹೆತ್ತವರ ಸಂಕಟ ಹಾಗೇ ಉಳಿದುಕೊಂಡಿದೆ. ಅದನ್ನು ಓದಿದ ಮೇಲೆ, ಹೆಸರಿಲ್ಲದ ಯಾವ ಮಾಸ್ತಿಕಲ್ಲಿನ ಮುಂದೆ ನಿಂತರೂ ನನಗೆ ಆ ಕೈಯ ಹಿಂದೆ ಒಂದು ಮನೆ, ಒಂದು ಬಾಗಿಲು, ತಡೆಯಲು ಬಂದ ನಾಲ್ಕು ಜನ ಕಾಣುತ್ತಾರೆ.

ಇನ್ನು ನಿಮ್ಮ ಪ್ರಶ್ನೆ.

ಸಣ್ಣ ಮ್ಯೂಸಿಯಂನಲ್ಲಿ ನಾನು ಮೊದಲು ಓದುವುದು ಚೀಟಿಯ ಕೊನೆಯ ಸಾಲು. ಮೇಲಿನ ಸಾಲುಗಳಲ್ಲಿ ದೇವರ ಹೆಸರು, ರಾಜಮನೆತನ, ಶತಮಾನ ಇರುತ್ತವೆ. ಕೊನೆಯಲ್ಲಿ ಸಣ್ಣದಾಗಿ ಒಂದು ಊರಿನ ಹೆಸರು, ತಾಲ್ಲೂಕು. ದೆಹಲಿಯ ದೊಡ್ಡ ಮ್ಯೂಸಿಯಂನಲ್ಲಿ ಅಂಥ ಸಾಲು ಓದಿದರೆ ಭೂಪಟದಲ್ಲಿ ಹುಡುಕಬೇಕು. ಜಿಲ್ಲೆಯ ಮ್ಯೂಸಿಯಂನಲ್ಲಿ ಆ ಹೆಸರನ್ನು ನೀವು ಬಸ್ಸಿನ ಬೋರ್ಡಿನ ಮೇಲೆ ನೋಡಿರುತ್ತೀರಿ. ನಿಮ್ಮ ತರಗತಿಯ ಒಬ್ಬ ಹುಡುಗ ಆ ಊರಿನಿಂದ ಬರುತ್ತಿರಬಹುದು. ಕಲ್ಲು ಬಂದ ಹೊಲ, ಕೆರೆಯ ಏರಿ, ಗುಡಿ ಇನ್ನೂ ಅಲ್ಲೇ ಇರುತ್ತವೆ, ಸಂಜೆಯೊಳಗೆ ಹೋಗಿಬರಬಹುದು. ಸಣ್ಣ ಮ್ಯೂಸಿಯಂ ದೊಡ್ಡದರ ಬಡ ತಮ್ಮ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ, ನನಗದು ಒಪ್ಪಿಗೆಯಿಲ್ಲ. ವಸ್ತು ತನ್ನ ಮಣ್ಣಿನಿಂದ ಕೂಗಳತೆಯಲ್ಲಿ ಇರುವುದು ಇಲ್ಲಿ ಮಾತ್ರ.

ಅವು ಒಳಗೆ ಬಂದ ಬಗೆಯೂ ಹಾಗೆಯೇ, ನಮ್ಮ ದಿನದ ಕೆಲಸದ ನಡುವೆ. ಕೆರೆಯ ಹೂಳು ತೆಗೆಯುವಾಗ, ಮನೆಗೆ ಪಾಯ ತೋಡುವಾಗ, ರಸ್ತೆ ಅಗಲ ಮಾಡುವಾಗ, ಉಳುವಾಗ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಕಿತ್ತಯ್ಯ ಎಂಬವನ ಸಾವಿನ ನೆನಪಿನದು. ಊರವರು ಅದಕ್ಕೊಂದು ಮಂಟಪ ಕಟ್ಟಿ ಹೆಬ್ಬಾಳದಲ್ಲೇ ಉಳಿಸಿಕೊಂಡರು. ನೆಲದಲ್ಲಿ ಸಿಕ್ಕ ನಿಧಿಯ ವಿಷಯಕ್ಕೆ ಕಾನೂನೂ ಇದೆ. ಅಂಥದ್ದು ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೀವು ಗಾಜಿನ ಪೆಟ್ಟಿಗೆಯಲ್ಲಿ ನೋಡುವ ಎಷ್ಟೋ ನಾಣ್ಯಗಳು ಹೀಗೆ ಯಾರೋ ಒಬ್ಬ ರೈತನ ನೇಗಿಲಿಗೆ, ಕೂಲಿಯವನ ಗುದ್ದಲಿಗೆ ತಗುಲಿ ಬಂದವು.

‘ಸಾಲಾಗಿ ನಿಲ್ಲಿಸಿದ ಕಲ್ಲುಗಳು’ ಎಂದು ಒಂದೇ ಮಾತಿನಲ್ಲಿ ದಾಟಿದ್ದೀರಿ. ಅವುಗಳಲ್ಲಿ ಹೆಚ್ಚಿನವು ವೀರಗಲ್ಲುಗಳೇ ಇದ್ದಿರಬೇಕು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಮೇಲಿನಿಂದ ಕೆಳಕ್ಕೆ ನೋಡಿದವರಿಗೆ ಏನೂ ಹತ್ತುವುದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಸಾವು: ಬಿಲ್ಲು, ಕತ್ತಿ, ಗುರಾಣಿ, ಕುದುರೆ. ಮೂಲೆಯಲ್ಲಿ ಒತ್ತೊತ್ತಾಗಿ ದನಗಳ ತಲೆ ಕಂಡರೆ ಅದು ತುರುಗೋಳು, ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆಯುವಾಗ ಸತ್ತವನ ಕಲ್ಲು. ಹುಲಿ ಕಂಡರೆ ಹುಲಿಯೊಂದಿಗೆ ಹೋರಾಡಿ ಸತ್ತವನು. ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರಿಗೂ ಕಲ್ಲುಗಳಿವೆ, ಅದಕ್ಕೆ ಶಾಸನಗಳಲ್ಲಿ ಪೆಣ್ಬುಯ್ಯಲ್ ಎಂಬ ಮಾತಿದೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳಿನಲ್ಲಿ ಎತ್ತಿಕೊಂಡು, ಚಾಮರ ಬೀಸುತ್ತ ಮೇಲಕ್ಕೆ ಹೊರಟಿರುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಎದುರು ಕೈಮುಗಿದು ಕೂತಿರುತ್ತಾನೆ. ಜೈನನಾದರೆ ಲಿಂಗದ ಜಾಗದಲ್ಲಿ ಜಿನಮೂರ್ತಿ. ತುದಿಯಲ್ಲಿ ಸೂರ್ಯ, ಚಂದ್ರ: ಅವು ಇರುವಷ್ಟು ದಿನ ಈ ಹೆಸರು ಇರಲಿ ಎಂದು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ.

ಎರಡು ವೀರಗಲ್ಲು ಹೀಗೆ ಓದಿ ತೋರಿಸಿ, ಮೂರನೆಯದನ್ನು ಮಕ್ಕಳೇ ಓದುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ವೀರ ಯಾರು, ವೈರಿ ಯಾರು ಎಂದು ಗುರುತಿಸಲು ಬಿಡಿ. ವೀರನನ್ನು ಸಾಮಾನ್ಯವಾಗಿ ಉಳಿದವರಿಗಿಂತ ದೊಡ್ಡದಾಗಿ ಕೆತ್ತಿರುತ್ತಾರೆ.

ಈ ಬಗೆಯ ಕಲ್ಲುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮನುಷ್ಯನದಲ್ಲ, ನಾಯಿಯದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949–50. ತಕ್ಕೋಲದಲ್ಲಿ ಚೋಳರ ರಾಜಾದಿತ್ಯ ಸತ್ತ ಯುದ್ಧ ಆಗಷ್ಟೇ ಮುಗಿದಿತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ ಗೆದ್ದಿದ್ದರು. ಬೂತುಗನ ಕಡೆಯ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಏನು ಬೇಕೋ ಕೇಳು ಎಂದರು. ಅವನು ನಾಡು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಗೊರವನನ್ನು ಗೊತ್ತುಮಾಡಿದರು. ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಆ ನಾಯಿ ಮಾಡಿದ ಪಾಪವೆಲ್ಲ ಗೊರವನಿಗೆ ಎಂದು ಕಟ್ಟಳೆಯನ್ನೂ ಬರೆಸಿದರು. ಮೇಲ್ಭಾಗದಲ್ಲಿ ನಾಯಿ ಹಂದಿಯ ಮೇಲೆರಗಿದ ಚಿತ್ರವಿದೆ. ದೊಡ್ಡ ರಾಜರ ಯುದ್ಧದ ಸುದ್ದಿಗಾಗಿ ಚರಿತ್ರೆಕಾರರು ಈ ಕಲ್ಲನ್ನು ಓದುತ್ತಾರೆ. ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಕಾಳಿಗಾಗಿ. ಸಾವಿರ ವರ್ಷದ ಹಿಂದೆ ಒಬ್ಬನಿಗೆ ತನ್ನ ನಾಯಿ ಸತ್ತದ್ದು ತಡೆಯಲಾಗಲಿಲ್ಲ ಎಂಬುದನ್ನು ಬೇರೆ ಯಾವ ಪುಸ್ತಕ ಇಷ್ಟು ಹತ್ತಿರದಿಂದ ಹೇಳೀತು?

ನೀವು ಬೆಂಗಳೂರಿಗೆ ಹೋದಾಗ ಮಗಳಿಗೆ ಕಾಳಿಯನ್ನು ತೋರಿಸಿ. 1865ರಲ್ಲಿ ಶುರುವಾದ ಆ ಮ್ಯೂಸಿಯಂನಲ್ಲಿ ಬೇರೆ ಏನನ್ನೂ ನೋಡದೆ ಅದೊಂದನ್ನೇ ನೋಡಿ ಬಂದರೂ ಆ ದಿನಕ್ಕೆ ಸಾಕು.

ಮುರಿದ ಮೂರ್ತಿಗಳ ಬಗ್ಗೆ ನಿಮ್ಮ ಮಾತಿನಲ್ಲಿ ಸ್ವಲ್ಪ ಬೇಸರ ಕಾಣಿಸಿತು. ಮ್ಯೂಸಿಯಂಗಳಲ್ಲಿ ಅಷ್ಟೊಂದು ಮುರಿದವೇ ಯಾಕೆ ಎಂಬುದಕ್ಕೆ ಕಾರಣವಿದೆ. ಭಿನ್ನವಾದ ಮೂರ್ತಿ ಪೂಜೆಗೆ ಬರುವುದಿಲ್ಲ. ಮೂಗು, ಕೈ, ಬೆರಳು ಹೋದರೆ ಅದನ್ನು ಗರ್ಭಗುಡಿಯಿಂದ ತೆಗೆದು ನೀರಿಗೆ ಬಿಡುತ್ತಿದ್ದರು, ಇಲ್ಲವೇ ಅರಳಿಕಟ್ಟೆಯ ಬುಡದಲ್ಲಿ ಇಡುತ್ತಿದ್ದರು. ಸರಿಯಿದ್ದದ್ದು ಗುಡಿಯಲ್ಲಿ ಉಳಿಯಿತು, ಮುರಿದದ್ದು ಕೆರೆಯಿಂದ, ಕಟ್ಟೆಯಿಂದ ಇಲ್ಲಿಗೆ ಬಂತು. ಇದರಿಂದ ನಮಗೊಂದು ಲಾಭವೂ ಇದೆ. ಗುಡಿಯಲ್ಲಿ ಹೂವು, ಬಟ್ಟೆ, ಎಣ್ಣೆಯ ಕಪ್ಪು, ಹತ್ತು ಅಡಿ ದೂರ. ಇಲ್ಲಿ ಸುತ್ತ ತಿರುಗಬಹುದು, ಬೆನ್ನನ್ನೂ ನೋಡಬಹುದು. ಜಡೆಯ ಹೆಣಿಗೆ, ನಡುಪಟ್ಟಿಯ ಗಂಟು, ಒಡವೆಯ ಕೊಕ್ಕೆ, ಇವುಗಳನ್ನು ಗರ್ಭಗುಡಿಯಲ್ಲಿ ಭಕ್ತರು ಯಾವತ್ತೂ ಕಂಡಿರಲಾರರು. ಒಡೆದ ಅಂಚನ್ನು ಬಗ್ಗಿ ನೋಡಿ, ಕಲ್ಲಿನ ಜಾತಿ ಅಲ್ಲಿ ತಿಳಿಯುತ್ತದೆ. ಬಾದಾಮಿ, ಐಹೊಳೆ ಕಡೆಯದು ಕೆಂಪು ಮರಳುಗಲ್ಲು, ಕಾಳು ಕಾಳಾಗಿ ಉದುರುವ ಹಾಗಿರುತ್ತದೆ. ಹೊಯ್ಸಳರದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದಲೇ ಬೇಲೂರಿನ ಶಿಲ್ಪಿಗಳು ಮಣಿಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾಯಿತು. ಹೊಯ್ಸಳ ಮೂರ್ತಿ ಕಂಡರೆ ಪೀಠವನ್ನು ಮರೆಯದೆ ನೋಡಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ, ಮಲ್ಲಿತಮ್ಮ ಸೋಮನಾಥಪುರದಲ್ಲಿ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಕೆಲಸ ಮಾಡಿದವನ ಹೆಸರು ಕೆಲಸದ ಬುಡದಲ್ಲೇ ಸಿಗುವುದು ನಮ್ಮ ನಾಡಿನಲ್ಲಿ ಅಪರೂಪ, ಅದನ್ನು ತಪ್ಪಿಸಿಕೊಳ್ಳಬಾರದು.

ಕೆಲವೆಡೆ ಕಟ್ಟಡವೇ ಮೊದಲ ವಸ್ತು. ಮಡಿಕೇರಿಯಲ್ಲಿ ಕೋಟೆಯೊಳಗೆ ಬ್ರಿಟಿಷರು 1859ರಲ್ಲಿ ಕಟ್ಟಿದ ಚರ್ಚಿನಲ್ಲಿ ಜೈನ ಮೂರ್ತಿಗಳು ನಿಂತಿವೆ. ಬೀದರ್ ಕೋಟೆಯ ಸಂಗ್ರಹ ಇರುವುದು ಸುಲ್ತಾನರ ಹಮ್ಮಾಮಿನಲ್ಲಿ, ವಿಜಯಪುರದ್ದು ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿ. ಮಂಗಳೂರಿನ ಬಿಜೈಯಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಶಸ್ತ್ರವೈದ್ಯ ಕರ್ನಲ್ ಮಿರಾಜಕರ್ ಹಡಗಿನ ಆಕಾರದಲ್ಲಿ ಕಟ್ಟಿಸಿದ ಮನೆ ಅದು. ತಾಯಿಯ ಹೆಸರಿಟ್ಟು ಸರ್ಕಾರಕ್ಕೆ ಕೊಟ್ಟರು, 1960ರಲ್ಲಿ ಮ್ಯೂಸಿಯಂ ಆಯಿತು. ಒಳಗೆ ಹೋಗುವ ಮೊದಲು ಒಂದು ಸುತ್ತು ಹಾಕಿ, ಮನೆ ಹಡಗಾಗುವುದನ್ನು ಮಕ್ಕಳೇ ಕಂಡುಹಿಡಿಯಲಿ.

ಇನ್ನೊಂದು ಬಗೆಯ ಮ್ಯೂಸಿಯಂ ಗಣಿತದ ಮೇಷ್ಟರಿಗೆ ಹೇಳಿ ಮಾಡಿಸಿದ್ದು. ರಾಮನಗರದ ಬಳಿ, ಬೆಂಗಳೂರು–ಮೈಸೂರು ರಸ್ತೆಯ ಪಕ್ಕದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ. ಅಲ್ಲಿಗೆ ನಾನು ಮೊದಲ ಸಲ ಹೋದಾಗ ನನಗೆ ಕಂಡದ್ದು ಧೂಳು ಹಿಡಿಯದಂತೆ ಜೋಡಿಸಿಟ್ಟ ಹಳೆಯ ಸಾಮಾನು, ಅಷ್ಟೇ. ಎರಡನೆಯ ಸಲ ಅಮ್ಮನನ್ನು ಕರೆದುಕೊಂಡು ಹೋದೆ. ಕೂರಿಗೆಯ ಮುಂದೆ ನಿಂತು ಅವರು ಬಟ್ಟಲಿಗೆ ಕಾಳು ಬಿಡುವ ಹಾಗೆ ಬೆರಳು ಆಡಿಸಿ ತೋರಿಸಿದರು. ಬಟ್ಟಲಿನ ತೂತುಗಳಿಗೆ ಸಮನಾಗಿ ಕಾಳು ಬೀಳಬೇಕು, ಕೈ ತಡವಾದರೆ ಸಾಲು ಹಾಳು. ಶ್ಯಾವಿಗೆ ಒತ್ತುವ ಮಣೆ, ಒನಕೆ, ಕಣಜ, ಅಡಕತ್ತರಿ, ಚೆನ್ನೆಮಣೆ, ಒಂದೊಂದರ ಮುಂದೆಯೂ ಅಮ್ಮನ ಕೈ ತಾನಾಗಿ ಆ ಕೆಲಸದ ಭಂಗಿಗೆ ಹೋಗುತ್ತಿತ್ತು. ಅಳತೆಯ ಪಾತ್ರೆಗಳ ಹತ್ತಿರ ಬಂದಾಗ ಪಾಠವೇ ನಡೆಯಿತು. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು, ಇಪ್ಪತ್ತು ಕೊಳಗ ಒಂದು ಖಂಡುಗ. ಹದಿನಾರು ಆಣೆಗೆ ಒಂದು ರೂಪಾಯಿ, ಒಂದು ಆಣೆಗೆ ಹನ್ನೆರಡು ಕಾಸು. 1957ರಲ್ಲಿ ನಯಾಪೈಸೆ ಬಂದು ಎಲ್ಲ ನೂರಕ್ಕೆ ತಿರುಗಿದಾಗ ಸಂತೆಯಲ್ಲಿ ಮುದುಕಿಯರು ಪಟ್ಟ ಪಾಡನ್ನೂ ಅಮ್ಮ ಹೇಳಿದರು. ನಿಮ್ಮ ಮಕ್ಕಳಿಗೆ ಭಿನ್ನರಾಶಿ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾಲ್ಕು, ಹದಿನಾರು, ಹನ್ನೆರಡು ಯಾಕೆ ಹಿಂದಿನವರಿಗೆ ಅನುಕೂಲವಾಗಿದ್ದವು ಎಂಬ ಪ್ರಶ್ನೆಗೆ ಉತ್ತರ ಆ ಪಾತ್ರೆಗಳಲ್ಲೇ ಇದೆ. ಅರ್ಧ, ಕಾಲು, ಅರೆಕಾಲು ಎಂದು ಕೈಯಲ್ಲೇ ಪಾಲು ಮಾಡುತ್ತ ಹೋಗಬಹುದು.

ಹಾಗಾಗಿ ಇಂಥ ಕಡೆಗೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಗೂ ಇದೇ ಮಾತು. ಅಲ್ಲಿಗೆ ಹೋಗುವವರು ಕುವೆಂಪು ಅವರ ಪುಸ್ತಕ, ಭಾವಚಿತ್ರಗಳ ಕಡೆಗೆ ನೇರ ನಡೆಯುತ್ತಾರೆ. ನಡುವೆ ಅಂಗಳ, ಸುತ್ತ ಮಹಡಿ, ದಪ್ಪ ಮರದ ಕಂಬಗಳು, ಅಡಿಗೆಮನೆಯ ಪಾತ್ರೆಪರಡಿ, ಇದೆಲ್ಲ ಮಲೆನಾಡಿನ ಮಳೆಗೆ ಕಟ್ಟಿದ ಮನೆ. ಅದನ್ನು ವಿವರಿಸಲು ಮಲೆನಾಡಿನಲ್ಲಿ ಬೆಳೆದ ಒಬ್ಬ ಅಜ್ಜಿ ಇದ್ದರೆ ಆ ಕವಿಯ ಕಾದಂಬರಿಗಳ ಅರ್ಧ ಪ್ರಪಂಚ ಕಣ್ಣೆದುರು ನಿಲ್ಲುತ್ತದೆ.

ವಸ್ತು ಇದ್ದ ಜಾಗ, ಅದರ ಬೆಳಕು, ಸದ್ದು ಇವನ್ನು ನಾವೇ ಮನಸ್ಸಿನಲ್ಲಿ ಕೂಡಿಸಿಕೊಳ್ಳಬೇಕಾಗುತ್ತದೆ. ತೊಗಲುಗೊಂಬೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅವುಗಳ ಒಳ್ಳೆಯ ಸಂಗ್ರಹವಿದೆ. ಗಾಜಿನ ಹಿಂದೆ ಮುಂದುಗಡೆಯಿಂದ ಬೆಳಕು ಬಿದ್ದಾಗ ಗೊಂಬೆ ಮಂಕಾಗಿ, ಒಣಗಿದ ಎಲೆಯ ಹಾಗೆ ಕಾಣುತ್ತದೆ. ಚರ್ಮವನ್ನು ಹದಮಾಡಿ ತೆಳ್ಳಗೆ ಮಾಡಿದ್ದು, ಬಣ್ಣ ಹಚ್ಚಿದ್ದು, ಸಣ್ಣ ಸಣ್ಣ ತೂತು ಹೊಡೆದದ್ದು ಎಲ್ಲವೂ ಹಿಂದಿನಿಂದ ದೀಪ ಬೀಳಲೆಂದು. ಪರದೆಯ ಮೇಲೆ ಅದು ಕೆಂಪು, ಹಸಿರು ಗಾಜಿನ ಹಾಗೆ ಹೊಳೆಯುತ್ತದೆ, ತೂತುಗಳು ಒಡವೆಯಾಗುತ್ತವೆ. ಇದು ಗೊತ್ತಿದ್ದವರು ಗೊಂಬೆಯ ಮುಂದೆ ನಿಂತಾಗ ಅದರ ಹಿಂದೆ ತಾವೇ ಒಂದು ದೀಪ ಹಚ್ಚಿಕೊಳ್ಳುತ್ತಾರೆ.

ಚಿತ್ರಗಳ ವಿಷಯದಲ್ಲಿ ನನ್ನ ಸಲಹೆ ಒಂದೇ: ಮೂರು ಚಿತ್ರ ಸಾಕು. ಮೊದಲು ಎಲ್ಲ ಗೋಡೆಗಳನ್ನು ನಡೆದು ನೋಡಿ, ಆಮೇಲೆ ಯಾವುದು ಹಿಂದಕ್ಕೆ ಕರೆಯುತ್ತದೋ ಅದರ ಮುಂದೆ ನಿಲ್ಲಿ. ಕೆ. ವೆಂಕಟಪ್ಪನವರ ಜಲವರ್ಣಗಳಿಗೆ ಇದು ವಿಶೇಷವಾಗಿ ಸಲ್ಲುತ್ತದೆ. ಮೈಸೂರಿನ ಚಿತ್ರಗಾರ ಮನೆತನದವರಾದ ಅವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು, ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು, ಮದುವೆಯಾಗದೆ ಕಲೆಗೇ ಬದುಕು ಕೊಟ್ಟು 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಲಾಗ್ಯಾಲರಿ ಕಸ್ತೂರಬಾ ರಸ್ತೆಯಲ್ಲೇ, ಕಾಳಿಯ ನೆರೆಯಲ್ಲೇ ಇದೆ. ಊಟಿಯ ಬೆಟ್ಟ, ಕೆರೆ, ಮಂಜಿನ ಅವರ ಚಿತ್ರಗಳು ದೊಡ್ಡವಲ್ಲ. ಎರಡು ಹೆಜ್ಜೆ ದೂರದಿಂದ ಬರೀ ನೀಲಿಬೂದು ಬಣ್ಣ ಕಂಡದ್ದು, ಐದು ನಿಮಿಷ ನಿಂತ ಮೇಲೆ ಬೆಳಗಿನ ಜಾವವೋ ಸಂಜೆಯೋ ಎಂದು ಹೇಳತೊಡಗುತ್ತದೆ. ಚಿತ್ರ ಬರೆಯುವ ಅಭ್ಯಾಸ ಮಗಳಿಗಿದ್ದರೆ 'ಇದರಲ್ಲಿ ಬಿಳಿ ಬಣ್ಣ ಎಲ್ಲಿ ಹಚ್ಚಿದ್ದಾರೆ?' ಎಂದು ಕೇಳಿ. ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವುದಕ್ಕಿಂತ ಹೆಚ್ಚಾಗಿ ಕಾಗದವನ್ನೇ ಬಿಟ್ಟಿರುತ್ತಾರೆ ಎಂಬುದು ತಿಳಿದಾಗ ಅವಳ ನೋಟವೇ ಬದಲಾಗುತ್ತದೆ.

ಹೋಗುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳು. ರಾಜ್ಯ ಸರ್ಕಾರದ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಕೇಂದ್ರದ ಪುರಾತತ್ವ ಇಲಾಖೆಯವಕ್ಕೆ, ಅಂದರೆ ಬಾದಾಮಿ, ಐಹೊಳೆ, ಹಳೇಬೀಡು, ಕಮಲಾಪುರ ಮುಂತಾದವಕ್ಕೆ, ಶುಕ್ರವಾರ ರಜೆ. ಎಷ್ಟೋ ಮಂದಿ ಶುಕ್ರವಾರ ಹಂಪಿಗೆ ಹೋಗಿ ಕಮಲಾಪುರದ ಬೀಗ ನೋಡಿ ಬರುತ್ತಾರೆ. ಅಲ್ಲಿನ ಅಂಗಳದಲ್ಲಿ ಇಡೀ ವಿಜಯನಗರದ ಬೆಟ್ಟ, ಹೊಳೆ, ಕೋಟೆ, ಗುಡಿಗಳ ದೊಡ್ಡ ಮಾದರಿ ಇದೆ. ಹಂಪಿ ಸುತ್ತುವ ಮೊದಲ ದಿನವೇ ಅದನ್ನು ನೋಡಬೇಕು. ಆಮೇಲೆ ಬಂಡೆಗಳ ನಡುವೆ ದಾರಿ ತಪ್ಪುವುದಿಲ್ಲ. ಫೋಟೊ ತೆಗೆಯುವ ಮೊದಲು ಕೇಳಿ. ಶಾಸನದ ಅಕ್ಷರ ಕಾಣದಿದ್ದರೆ ಅಪ್ಪಣೆ ಪಡೆದು ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ, ಕಲ್ಲಿಗೆ ತಾಗಿದಂತೆ ಹಿಡಿಯಿರಿ. ಕುಳಿಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದುಬರುತ್ತದೆ. ಸುಣ್ಣ, ಸೀಮೆಸುಣ್ಣ, ಹಿಟ್ಟು ಏನನ್ನೂ ಅಕ್ಷರಕ್ಕೆ ತುಂಬಬೇಡಿ, ಎಷ್ಟೋ ಕಲ್ಲುಗಳು ಇದರಿಂದಲೇ ಹಾಳಾಗಿವೆ. ಬಲ್ಲವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ ಕುಳಿಗೆ ಕೂರಿಸಿ, ಮೇಲೆ ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಅಕ್ಷರ ಬೆಳ್ಳಗೆ, ಸುತ್ತ ಕಪ್ಪಗೆ.

ಅಲ್ಲಿ ಕೂತಿರುವ ಸಿಬ್ಬಂದಿಯನ್ನು ಮಾತಾಡಿಸಿ. ಬಾಗಿಲ ಬಳಿ ಟಿಕೆಟ್ ಹರಿಯುವವರು ಎಂದು ನಾವು ದಾಟಿಹೋಗುವವರಲ್ಲಿ ಕೆಲವರು ಆ ಕಲ್ಲುಗಳನ್ನು ಲಾರಿಯಿಂದ ಇಳಿಸುವಾಗ ಹೆಗಲು ಕೊಟ್ಟವರಾಗಿರುತ್ತಾರೆ. ‘ಇದರಲ್ಲಿ ನಿಮಗೆ ಯಾವುದು ಇಷ್ಟ?’ ಎಂದು ಕೇಳಿ ನೋಡಿ. ನನ್ನನ್ನು ಈ ಪ್ರಶ್ನೆ ಎಷ್ಟೋ ಸಲ ಹಿಂಬದಿಯ ಅಂಗಳಕ್ಕೆ, ಚೀಟಿಯಿಲ್ಲದ ಕಲ್ಲಿನ ಬಳಿಗೆ ಕರೆದೊಯ್ದಿದೆ. ಚೀಟಿ ಇಲ್ಲದಿರುವುದು, ತಪ್ಪಾಗಿರುವುದು, ಒಂದು ಕೋಣೆಗೆ ದೀಪವೇ ಇಲ್ಲದಿರುವುದು, ಇವೆಲ್ಲ ಇವೆ. ನೋವಾಗುತ್ತದೆ. ಬಾಗಿಲಲ್ಲಿ ಇಟ್ಟಿರುವ ಸಂದರ್ಶಕರ ಪುಸ್ತಕದಲ್ಲಿ ಹೆಸರು, ಊರು ಬರೆದು ಸುಮ್ಮನೆ ಬರಬೇಡಿ. ಏನು ನೋಡಿದಿರಿ, ಏನು ಕಾಣಲಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ನೋಡಲು ಜನ ಬರುತ್ತಾರೆ ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ.

ನಿಮ್ಮ ಊರಿಗೆ ಹತ್ತಿರದಲ್ಲಿ ಎರಡು ಕಡೆ ಹೇಳುತ್ತೇನೆ. ಚಿತ್ರದುರ್ಗದಲ್ಲಿ ಹಳೆಯ ಕೋಟೆಯ ರಂಗಯ್ಯನ ಬಾಗಿಲಿನಲ್ಲೇ ಮ್ಯೂಸಿಯಂ ಇದೆ. ಅದನ್ನು ನೋಡಿ ಅದೇ ದಿನ ಚಂದ್ರವಳ್ಳಿಗೆ ಹೋಗಿ. ಅಲ್ಲಿ ಕದಂಬರ ಮಯೂರಶರ್ಮನ ಬಂಡೆಗಲ್ಲಿನ ಶಾಸನವಿದೆ, ಆ ನೆಲದಲ್ಲಿ ರೋಮ್ ದೇಶದ ಬೆಳ್ಳಿ ನಾಣ್ಯಗಳೂ ಸಿಕ್ಕಿದ್ದವು. ಇನ್ನೊಂದು ಶಿವಮೊಗ್ಗದಲ್ಲಿ, ಶಿವಪ್ಪನಾಯಕನ ಅರಮನೆ ಎಂದು ಕರೆಯುವ ಮರದ ಕಂಬಗಳ ಕಟ್ಟಡ. ಅದರ ಅಂಗಳದಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳು ಬಯಲಿನಲ್ಲೇ ಇವೆ. ಬೆಳಗಿನ ಓರೆ ಬಿಸಿಲಿಗೆ ಹೋಗಿ, ಟಾರ್ಚು ಬೇಕಾಗುವುದಿಲ್ಲ.

ನೀವು ನೋಡಿದ ಆ ಕಲ್ಲನ್ನೂ ಬಿಡಬೇಡಿ. ಇಂಥ ಕಲ್ಲುಗಳ ಮೂಲೆಯಲ್ಲಿ ಬಣ್ಣದಿಂದ ಒಂದು ಸಂಖ್ಯೆ ಬರೆದಿರುವುದುಂಟು, ಅದು ದಾಖಲೆ ಪುಸ್ತಕದ ಸಂಖ್ಯೆ. ಫೋಟೊ ತೆಗೆದಿದ್ದರೆ ಹಿಗ್ಗಿಸಿ ಹುಡುಕಿ. ಅದನ್ನು ಬರೆದು, ಕಲ್ಲು ಯಾವ ಊರಿನದು ಎಂದು ಆ ಮ್ಯೂಸಿಯಂಗೆ ಒಂದು ಕಾಗದ ಹಾಕಿ. ಊರಿನ ಹೆಸರು ಸಿಕ್ಕಿತೆಂದರೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ ತೆರೆಯಿರಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1886ರಲ್ಲಿ ಮೊದಲ ಸಂಪುಟ ತಂದರು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ಕಲ್ಲು ನಿಮ್ಮ ಕಡೆಯದೇ ಆಗಿದ್ದರೆ 11ನೇ ಸಂಪುಟ. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಆ ಊರಿನಲ್ಲಿ ಇನ್ನಷ್ಟು ಬರಹಗಳಿದ್ದರೆ ಅಲ್ಲಿ ಸಿಗುತ್ತವೆ, ಕಲ್ಲಿನ ಆ ಹೆಂಗಸಿನ ಕಾಲದ ಅರಸು ಯಾರು, ಕೆರೆ ಕಟ್ಟಿಸಿದವರು ಯಾರು ಎಂದು.

ಊರಿಗೂ ಹೋಗಿ. ಕೆರೆಯ ಏರಿಯ ಮೇಲೆ, ಅಗಸೆಬಾಗಿಲ ಬಳಿ, ಹನುಮಪ್ಪನ ಗುಡಿಯ ಹಿಂದೆ ಅದರ ಜೊತೆಯ ಕಲ್ಲುಗಳು ಉಳಿದಿರಬಹುದು. ಮಗಳ ಕೈಯಲ್ಲಿ ಒಂದು ಪುಸ್ತಕ, ಪೆನ್ಸಿಲ್ ಇರಲಿ. ಫೋಟೊ ಬೇಡ, ಅವಳು ನೋಡಿ ಬರೆಯಲಿ. ಬೆರಳು ಹೇಗೆ ಮಡಿಚಿದೆ, ನಿಂಬೆಹಣ್ಣು ಇದೆಯೋ ಇಲ್ಲವೋ ನೋಡಲಿ. ಬಳೆ ಎಷ್ಟಿವೆ ಎಂದು ಎಣಿಸಲಿ. ಎಣಿಸಿದ ಮೇಲೆ ನನಗೂ ಬರೆದು ತಿಳಿಸಿ.